ಕಾರು ಕಟ್ಟುವ ಕನಸಿಗೆ ಕೋಣನಕುಂಟೆಯಲ್ಲಿ ತಳಪಾಯ ಯಾವಾಗ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕನಕಪುರ ರಸ್ತೆಯ ಬಸ್ ಸ್ಟಾಪುಗಳಲ್ಲಿ ಒಂದೇ ಮಾತು. "ಹುಡುಗನ್ನ ಯಾವುದಕ್ಕೆ ಸೇರಿಸ್ತೀರ?" "ಇಂಜನಿಯರಿಂಗಿಗೇ ಸಾರ್. ಅವನಿಗೆ ಕಾರು ಅಂದ್ರೆ ಪ್ರಾಣ." ಮಾತು ಅಲ್ಲಿಗೆ ಮುಗಿಯುತ್ತದೆ, ಬಸ್ಸು ಬರುತ್ತದೆ.

ಕಾರು ಅಂದರೆ ಪ್ರಾಣ, ಒಪ್ಪಬೇಕಾದ್ದೇ. ಆದರೆ ಕಾರನ್ನು ನೋಡಿ ಹಿಗ್ಗುವುದು ಬೇರೆ, ಕಾರನ್ನು ಕಟ್ಟುವುದು ಬೇರೆ. ಎರಡರ ನಡುವೆ ಆರು ವರ್ಷದ ಓದಿದೆ, ಲಕ್ಷಗಟ್ಟಲೆ ಖರ್ಚಿದೆ, ಒಂದು ಸಂಸಾರದ ಉಳಿತಾಯವೆಲ್ಲ ಇದೆ. ದಿನಸಿ ಅಂಗಡಿ ಇಟ್ಟುಕೊಂಡವರು, ಬೆಳಿಗ್ಗೆ ಏಳಕ್ಕೆ ಮೆಟ್ರೋ ಹಿಡಿದು ಕೆಲಸಕ್ಕೆ ಓಡುವವರು, ಆ ಉಳಿತಾಯವನ್ನು ಒಂದೇ ದಿನದ ಉತ್ಸಾಹದಲ್ಲಿ ಕಾಲೇಜಿನ ಕೌಂಟರಿಗೆ ಕಟ್ಟಿಬಿಡುತ್ತಾರೆ. ಎರಡು ವರ್ಷವಾದ ಮೇಲೆ ಮಗ "ಅಪ್ಪಾ, ನಂಗೆ ಗಣಿತ ಹತ್ತಲ್ಲ" ಎನ್ನುತ್ತಾನೆ. ಆಗ ತಲೆ ಮೇಲೆ ಕೈ.

ಗಣಿತ ಹತ್ತದೆ ಹೋದದ್ದು ಕಾಲೇಜಿನಲ್ಲಲ್ಲ, ಎಂಟನೇ ತರಗತಿಯಲ್ಲಿ. ಅದು ಗೊತ್ತಾದದ್ದು ಮಾತ್ರ ಕಾಲೇಜಿನಲ್ಲಿ. ಮೋಟಾರು ಇಂಜನಿಯರ್ ಆಗುವ ತಯಾರಿ ಸಿಇಟಿ ಅರ್ಜಿಯಿಂದ ಶುರುವಾಗುತ್ತದೆ ಎಂಬ ನಂಬಿಕೆಯೇ ತಪ್ಪು. ಅದು ಹೈಸ್ಕೂಲಿನ ಮೂರು ವರ್ಷದಲ್ಲಿ ಆಗಬೇಕಾದ ಕೆಲಸ. ಅದಕ್ಕೆ ದುಡ್ಡು ಬೇಕಾದ್ದು ಕಡಿಮೆ, ಗಮನ ಬೇಕಾದ್ದು ಹೆಚ್ಚು.

ಊರ ಸುತ್ತಲೇ ಕಾರ್ಖಾನೆ

ಕೋಣನಕುಂಟೆಯವರಿಗೆ ಈ ಕನಸು ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿಗೂ ಮೋಟಾರಿಗೂ ನಂಟು ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಹಟ ಹಿಡಿದು ಓಡಾಡಿದರು. ಯುರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಜತೆಗೆ ನಿಂತರು. ಬ್ರಿಟಿಷ್ ಸರಕಾರದ ಅಡ್ಡಗಾಲಿನಿಂದ ಅದು ಇಲ್ಲಿ ಕೈಗೂಡಲಿಲ್ಲ. ಕೊನೆಗೆ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಕಾರು ಕೈತಪ್ಪಿದರೂ ಬಿಡಿಭಾಗ ಕೈತಪ್ಪಲಿಲ್ಲ. 1951ರಲ್ಲಿ ಶುರುವಾದ ಆಡುಗೋಡಿಯ ಮೈಕೋ, ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡಿ ದೇಶದ ಲಾರಿಗಳನ್ನೆಲ್ಲ ಓಡಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಗಡಿಯಾಚೆಯ ಹೊಸೂರಿನಲ್ಲಿ 1980ರ ಸುಮಾರಿಗೆ ಟಿವಿಎಸ್ ಮೊಪೆಡ್ಡು, ಅಶೋಕ್ ಲೇಲ್ಯಾಂಡ್ ಲಾರಿ ತಯಾರಾಗತೊಡಗಿದವು. ಹೊಸಕೋಟೆಗೆ ವೋಲ್ವೋ ಬಂತು. ಬಿಡದಿಯಲ್ಲಿ 1997ರಲ್ಲಿ ಟೊಯೊಟ ಕಿರ್ಲೋಸ್ಕರ್ ನೆಲೆಯೂರಿ 2000ದಲ್ಲಿ ಕ್ವಾಲಿಸ್ ಹೊರತಂದಿತು. ಬೊಮ್ಮಸಂದ್ರದ ರೇವಾ 2001ರಲ್ಲೇ ವಿದ್ಯುತ್ ಕಾರನ್ನು ರಸ್ತೆಗಿಳಿಸಿತು. ಜನ ಆಗ ಅದನ್ನು ಆಟಿಕೆ ಎಂದು ನಕ್ಕರು. 2010ರಲ್ಲಿ ಮಹೀಂದ್ರ ಅದನ್ನು ಕೊಂಡಿತು. ಈಗ ವಿದ್ಯುತ್ ಗಾಡಿಯನ್ನು ನೋಡಿ ಯಾರೂ ನಗುವುದಿಲ್ಲ.

ಕೋಣನಕುಂಟೆ ಕ್ರಾಸಿಗೆ 2021ರ ಜನವರಿಯಲ್ಲಿ ಹಸಿರು ಮೆಟ್ರೋ ಬಂತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆಯಿತು. ಆರ್.ವಿ. ರಸ್ತೆಯಲ್ಲಿ ಇಳಿದು ಗಾಡಿ ಬದಲಿಸಿದರೆ ಎಲೆಕ್ಟ್ರಾನಿಕ್ಸ್ ಸಿಟಿ, ಬೊಮ್ಮಸಂದ್ರ. ಅತ್ತ ನೈಸ್ ರಸ್ತೆ ಹಿಡಿದರೆ ಮೈಸೂರು ರಸ್ತೆ, ಅಲ್ಲಿಂದ ಬಿಡದಿ. ಹೀಗೆ ಮೋಟಾರು ಕೆಲಸದ ಎರಡು ದಿಕ್ಕಿಗೂ ದಾರಿ ಈ ಕ್ರಾಸಿನಿಂದಲೇ ಹೊರಡುತ್ತದೆ. ದಾರಿ ಇದೆ, ನಡೆಯುವ ಕಾಲಿಗೆ ಬಲ ತುಂಬುವವರು ಯಾರು ಎಂಬುದೇ ಪ್ರಶ್ನೆ.

ಕಾರೇ ಬದಲಾಗಿ ಹೋಗಿದೆ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಅಪ್ಪನ ಕಾಲದ ಕಾರು ಬೇರೆ, ಮಗನ ಕಾಲದ ಕಾರು ಬೇರೆ. ಅಂಬಾಸಿಡರ್ ಬಾನೆಟ್ ಎತ್ತಿ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಊದಿ ಹಾಕಿದರೆ ಗಾಡಿ ಓಡುತ್ತಿದ್ದ ಕಾಲ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕು, ಸ್ಕೂಟರಿನಲ್ಲೂ ಕಾರ್ಬೊರೇಟರ್ ಮಾಯವಾಗಿ ಫ್ಯೂಯಲ್ ಇಂಜೆಕ್ಷನ್ ಕುಳಿತಿದೆ. ಎಷ್ಟು ಪೆಟ್ರೋಲು, ಯಾವ ಕ್ಷಣದಲ್ಲಿ ಎಂಬುದನ್ನು ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರು. ಮೆಕ್ಯಾನಿಕ್ ಈಗ ಮೊದಲು ಕೈಗೆತ್ತಿಕೊಳ್ಳುವುದು ಸ್ಪ್ಯಾನರ್ ಅಲ್ಲ, ಸ್ಕ್ಯಾನರ್.

ವಿದ್ಯುತ್ ಗಾಡಿಯಲ್ಲಂತೂ ಇಂಜಿನ್ನೇ ಇಲ್ಲ. ಬ್ಯಾಟರಿ, ಮೋಟಾರು, ಎರಡರ ನಡುವೆ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಇಷ್ಟೇ. ವಿದ್ಯುತ್ ವಾಹನಕ್ಕೆಂದೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಬಿಎಂಟಿಸಿ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಈ ಬದಲಾವಣೆ ಹೇಳಿಕೊಡಬೇಕಾಗಿಲ್ಲ. ಸದ್ದಿಲ್ಲದ ಬಸ್ಸು ಪಕ್ಕಕ್ಕೆ ಬಂದು ನಿಂತಾಗ ಬೆಚ್ಚಿಬಿದ್ದವರೇ ಎಲ್ಲರೂ.

ಹಾಗಾದರೆ ಎಲ್ಲರೂ ಕಂಪ್ಯೂಟರ್ ಸೈನ್ಸ್ ಓದಬೇಕೇ? ಊರಿಗೆ ಊರೇ ಹಾಗೆಂದುಕೊಂಡಿದೆ. ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024ರಲ್ಲಿ ತೆಗೆದುಹಾಕಿತು. ಬೆಂಗಳೂರಿನ ಖಾಸಗಿ ಕಾಲೇಜುಗಳು ಕಂಪ್ಯೂಟರ್ ಸೀಟು ಏರಿಸುತ್ತ ಹೋದವು. ಮೆಕ್ಯಾನಿಕಲ್, ಸಿವಿಲ್ ತರಗತಿಗಳು ಸೊರಗಿದವು. ಕಾರು ಅಂದರೆ ಪ್ರಾಣ ಎನ್ನುತ್ತಿದ್ದ ಹುಡುಗನೂ ಗುಂಪಿನ ಹಿಂದೆ ಹೋದ.

ಸಂತೆಗೆ ಎಲ್ಲರೂ ಟೊಮೆಟೊ ತಂದರೆ ಏನಾಗುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತು. ಕಾರಿನಲ್ಲಿ ಕಂಪ್ಯೂಟರ್ ಕುಳಿತಿದೆ ನಿಜ, ಆದರೆ ಕಾರು ಇನ್ನೂ ನಾಲ್ಕು ಚಕ್ರದ ಮೇಲೇ ಓಡುತ್ತದೆ. ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ನು, ಚಾಸಿ, ಬ್ಯಾಟರಿಯನ್ನು ತಂಪಾಗಿಡುವ ಏರ್ಪಾಡು, ಇವೆಲ್ಲ ಮೆಕ್ಯಾನಿಕಲ್‌ನವರ ಕೆಲಸ. ಮೋಟಾರು ಎಲೆಕ್ಟ್ರಿಕಲ್‌ನವರದು, ಕಂಟ್ರೋಲರ್ ಎಲೆಕ್ಟ್ರಾನಿಕ್ಸ್‌ನವರದು. ಮೋಟಾರು ಉದ್ಯಮ ಸೇರಲು 'ಆಟೊಮೊಬೈಲ್' ಎಂದು ಬೋರ್ಡು ಇರುವ ಶಾಖೆಯೇ ಆಗಬೇಕೆಂದಿಲ್ಲ. ಈ ನಾಲ್ಕರಲ್ಲಿ ಯಾವುದನ್ನು ಗಟ್ಟಿಯಾಗಿ ಓದಿದರೂ ಕಾರಿನ ಬಾಗಿಲು ತೆರೆಯುತ್ತದೆ. ಮೆಕ್ಯಾನಿಕಲ್ ಓದಿ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತವನು ಯಾರಿಗೂ ಕಡಿಮೆಯಿಲ್ಲ. ಮರ್ಸಿಡಿಸ್ ಬೆಂಜ್‌ನಂಥ ಜರ್ಮನಿಯ ಕಂಪನಿ 1996ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿರುವುದು ಇಲ್ಲಿ ಇಂಥ ತಲೆ ಸಿಗುತ್ತದೆ ಎಂದೇ.

ಎಂಟು, ಒಂಬತ್ತು, ಹತ್ತು

ಈಗ ಮುಖ್ಯ ವಿಷಯಕ್ಕೆ. ಹದಿಮೂರು ವರ್ಷದ ಮಗು ಏನು ಮಾಡಬೇಕು?

ಒಂದು, ಗಣಿತ. ಬೀಜಗಣಿತದಲ್ಲಿ ಸಮೀಕರಣ, ರೇಖಾಗಣಿತದಲ್ಲಿ ಸಮರೂಪ ತ್ರಿಭುಜ, ಹತ್ತನೆಯಲ್ಲಿ ಬರುವ ತ್ರಿಕೋನಮಿತಿ, ಈ ಮೂರು ಬಾಯಿಪಾಠವಾದರೆ ಸಾಲದು, ಕೈಗೆ ಹತ್ತಬೇಕು. ಮುಂದೆ ಕಾಲೇಜಿನಲ್ಲಿ ಬರುವ ಬಲ, ಒತ್ತಡ, ಕಂಪನ ಎಲ್ಲವೂ ಇವುಗಳ ಮೇಲೇ ಕಟ್ಟಿದ ಮಹಡಿ. ಎಂಟನೇ ತರಗತಿಯಲ್ಲಿ ಭಿನ್ನರಾಶಿ ತಡವರಿಸುವ ಮಗುವನ್ನು ಒಂಬತ್ತನೆಯ 'ಫೌಂಡೇಷನ್ ಕೋರ್ಸಿಗೆ' ಹಾಕುವುದು, ತೂತು ಬಿದ್ದ ಟ್ಯೂಬಿಗೆ ಗಾಳಿ ಹೊಡೆಸಿದ ಹಾಗೆ. ಮೊದಲು ಪಂಕ್ಚರ್ ಹಾಕಿಸಬೇಕು.

ಎರಡು, ಭೌತವಿಜ್ಞಾನ. ಒಂಬತ್ತನೆಯಲ್ಲಿ ಬರುವ ಚಲನೆ, ಬಲ, ಕೆಲಸ, ಶಕ್ತಿ ಪಾಠಗಳೇ ಮೋಟಾರು ಶಾಸ್ತ್ರದ ಅಆಇಈ. ಒಂದು ಉದಾಹರಣೆ ಸಾಕು. ಸ್ಕೂಟರು 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅದೇ ಸ್ಕೂಟರು 60ರಲ್ಲಿ ಹೋದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಎಷ್ಟು ಜಾಗ ಬೇಕು? "ಎರಡರಷ್ಟು" ಎಂದು ಹುಡುಗರು ಥಟ್ಟನೆ ಹೇಳುತ್ತಾರೆ. ಅಲ್ಲ, ನಾಲ್ಕರಷ್ಟು. ವೇಗ ದುಪ್ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟು. ಇದು ಪಠ್ಯಪುಸ್ತಕದ ಸೂತ್ರ. ಕನಕಪುರ ರಸ್ತೆಯಲ್ಲಿ ಅದೇ ಸೂತ್ರ ಪ್ರಾಣ ಉಳಿಸುತ್ತದೆ, ತೆಗೆಯುತ್ತದೆ. ಪರೀಕ್ಷೆಗೆ ಮಾತ್ರ ಓದಿದವನಿಗೆ ಅದು ಎರಡು ಅಂಕ. ಅರ್ಥ ಮಾಡಿಕೊಂಡವನಿಗೆ ಬ್ರೇಕು ತಯಾರಿಸುವ ವಿದ್ಯೆಯ ಮೊದಲ ಮೆಟ್ಟಿಲು.

ಸೈಕಲ್ಲು ಇನ್ನೊಂದು ಪಾಠಶಾಲೆ. ಪೆಡಲಿನ ಚಕ್ರದಲ್ಲಿ 48 ಹಲ್ಲು, ಹಿಂದಿನ ಚಕ್ರದಲ್ಲಿ 16 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಮೂರು ಸುತ್ತು. ಓಟ ಜಾಸ್ತಿ, ಏರಿನಲ್ಲಿ ಮಾತ್ರ ತೊಡೆ ನೋವು. ಹಿಂದೆ 24 ಹಲ್ಲಿನ ಚಕ್ರ ಹಾಕಿದರೆ ಗಾಲಿ ಎರಡೇ ಸುತ್ತು; ಓಟ ಕಡಿಮೆ, ಏರು ಸಲೀಸು. ಲಾರಿ ಡ್ರೈವರ್ ದಿಬ್ಬದಲ್ಲಿ ಗೇರು ಇಳಿಸುವುದು ಯಾಕೆ ಎಂಬುದಕ್ಕೆ ಇಷ್ಟೇ ಉತ್ತರ. ಇದಕ್ಕೆ ಯಾವ ಕೋಚಿಂಗೂ ಬೇಡ. ಮನೆಯ ಸೈಕಲ್ಲು, ಎಣಿಸಲು ಎರಡು ಕಣ್ಣು ಸಾಕು.

ಮೂರು, ವಿದ್ಯುತ್ತು. ಇಲ್ಲೊಂದು ವಿಪರ್ಯಾಸ. ದೇಶವೆಲ್ಲ ವಿದ್ಯುತ್ ಗಾಡಿಯ ಜಪ ಮಾಡುತ್ತಿರುವಾಗ, 2022ರಲ್ಲಿ ಪಠ್ಯದ ಹೊರೆ ಇಳಿಸಲು ಹೊರಟ ಕೇಂದ್ರದ ಎನ್‌ಸಿಇಆರ್‌ಟಿ, ಹತ್ತನೇ ತರಗತಿ ವಿಜ್ಞಾನದಿಂದ ವಿದ್ಯುತ್ ಮೋಟಾರು, ಜನರೇಟರುಗಳ ಭಾಗವನ್ನೇ ಬಿಟ್ಟಿತು. ಪುಸ್ತಕದಲ್ಲಿ ಇರಲಿ, ಬಿಡಲಿ, ಕಲಿಯುವವನು ಬಿಡಬಾರದು. ಮನೆಯಲ್ಲಿ ಕೆಟ್ಟು ಕುಳಿತ ಮಿಕ್ಸಿ, ಹಳೆಯ ಫ್ಯಾನು ಇದ್ದೇ ಇರುತ್ತದೆ. ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟು, ದೊಡ್ಡವರ ಎದುರಿಗೆ ಬಿಚ್ಚಿ ನೋಡಿದರೆ ತಾಮ್ರದ ಸುರುಳಿ, ಕಾರ್ಬನ್ ಬ್ರಷ್ಷು ಎಲ್ಲ ಕಣ್ಣಿಗೆ ಬೀಳುತ್ತದೆ. ವಿದ್ಯುತ್ ಸ್ಕೂಟರಿನ ಮೋಟಾರು ಇದರ ದಾಯಾದಿಯೇ. ಅದರಲ್ಲಿ ಬ್ರಷ್ಷಿಲ್ಲ, ಆ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ.

ನಾಲ್ಕು, ಚಿತ್ರ. ಚಿತ್ರ ಎಂದರೆ ಬೆಟ್ಟದ ಹಿಂದೆ ಸೂರ್ಯ ಅಲ್ಲ. ಒಂದು ನಟ್ಟನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿ ಅಳತೆ ಸಮೇತ ಬರೆಯುವುದು. ಇಂಜನಿಯರಿಂಗ್ ಡ್ರಾಯಿಂಗಿನಲ್ಲಿ ಮುಗ್ಗರಿಸುವ ಮೊದಲ ವರ್ಷದ ಹುಡುಗರು ಯಾವ ಕಾಲೇಜಿನಲ್ಲೂ ಇದ್ದಾರೆ. ಕಂಪ್ಯೂಟರಿನಲ್ಲೇ ಬರೆಯುವ ಕಾಲವಾದರೂ ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಅಭ್ಯಾಸ ಕೈಯಿಂದಲೇ ಬರಬೇಕು.

ಐದು, ಭಾಷೆ. ಕನ್ನಡ ಮಾಧ್ಯಮದವರಿಗೆ ಇಂಜನಿಯರಿಂಗ್ ಆಗದು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಹೆದರಬೇಕಿಲ್ಲ, ತಯಾರಿ ಬೇಕು. ವೇಗೋತ್ಕರ್ಷ ಎಂದರೂ ಅಕ್ಸಿಲರೇಷನ್ ಎಂದರೂ ಒಂದೇ, ಜಡತ್ವವೂ ಇನರ್ಷಿಯಾವೂ ಒಂದೇ. ಒಂಬತ್ತನೆಯಿಂದಲೇ ಎರಡೂ ಹೆಸರನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಂಡವನಿಗೆ ಪಿಯುಸಿಯ ಮೊದಲ ಮೂರು ತಿಂಗಳು ನರಕವಾಗುವುದಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಮೀಸಲಾತಿಯೂ ಉಂಟು. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಕೊನೆಯ ವಾರ ಓಡಾಡಿ ಮಾಡಿಸುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಗ್ರಾಮೀಣ ಮೀಸಲಾತಿ ಮಾತ್ರ ಬೇರೆ ಸಂಗತಿ. ಕೋಣನಕುಂಟೆ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಊರು, ಈಗ ಹಳ್ಳಿ ಲೆಕ್ಕಕ್ಕೆ ಬಾರದು.

ಅರ್ಧ ಅಲ್ಲಿ, ಅರ್ಧ ಇಲ್ಲಿ

ಸಿಇಟಿ ರ‍್ಯಾಂಕಿನ ಲೆಕ್ಕವನ್ನು ಬಹಳ ಮನೆಯವರು ತಪ್ಪು ತಿಳಿದಿದ್ದಾರೆ. ಸಿಇಟಿಯಲ್ಲಿ ಗಣಿತ, ಭೌತ, ರಸಾಯನ ಒಂದೊಂದಕ್ಕೂ 60 ಪ್ರಶ್ನೆ, ಒಟ್ಟು 180 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಇಂಜನಿಯರಿಂಗ್ ರ‍್ಯಾಂಕಿಗೆ ಇದು ಅರ್ಧ ಭಾಗ ಮಾತ್ರ. ಇನ್ನರ್ಧ ದ್ವಿತೀಯ ಪಿಯುಸಿಯಲ್ಲಿ ಅದೇ ಮೂರು ವಿಷಯದ ಅಂಕ.

ಲೆಕ್ಕ ಹಾಕಿ ನೋಡಬಹುದು. ಒಬ್ಬ ಹುಡುಗ ಪಿಯುಸಿಯಲ್ಲಿ 300ಕ್ಕೆ 270 ತೆಗೆದ, ಅಂದರೆ ಶೇಕಡ 90. ಸಿಇಟಿಯಲ್ಲಿ 180ಕ್ಕೆ 90, ಶೇಕಡ 50. ಸರಾಸರಿ 70. ಇನ್ನೊಬ್ಬಳು ಪಿಯುಸಿಯಲ್ಲಿ 240, ಶೇಕಡ 80. ಸಿಇಟಿಯಲ್ಲಿ 126, ಶೇಕಡ 70. ಸರಾಸರಿ 75. ಪಿಯುಸಿಯಲ್ಲಿ ಹಿಂದಿದ್ದವಳು ರ‍್ಯಾಂಕಿನಲ್ಲಿ ಮುಂದೆ. ಬರೀ ಕೋಚಿಂಗ್ ನಂಬಿ ಕಾಲೇಜು ಮರೆತವನಿಗೂ ಪೆಟ್ಟು, ಬರೀ ಗೈಡು ಉರು ಹೊಡೆದು ಸಿಇಟಿ ಮರೆತವನಿಗೂ ಪೆಟ್ಟು. ಎರಡಕ್ಕೂ ಸಾಮಾನು ಒಂದೇ: ಅರ್ಥ ಮಾಡಿಕೊಂಡು ಓದುವುದು. ಆ ಅಭ್ಯಾಸ ಹದಿನೇಳನೇ ವಯಸ್ಸಿನಲ್ಲಿ ಒಮ್ಮೆಗೇ ಬರುವುದಿಲ್ಲ.

ಸೀಟಿನ ದರದ ವಿಚಾರವನ್ನೂ ಅಂಗಡಿ ಲೆಕ್ಕದ ಹಾಗೆ ನೋಡಬೇಕು. ಒಂದೇ ಖಾಸಗಿ ಕಾಲೇಜು, ಒಂದೇ ಬೆಂಚು, ಒಂದೇ ಮೇಷ್ಟ್ರು. ಸಿಇಟಿಯಿಂದ ಬಂದವನಿಗೆ ಒಂದು ಶುಲ್ಕ, ಕಾಮೆಡ್‌ಕೆಯಿಂದ ಬಂದವನಿಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿನವನಿಗೆ ಮತ್ತೊಂದು. ಹೈಸ್ಕೂಲಿನಿಂದಲೇ ಓದಿ ರ‍್ಯಾಂಕು ಗಳಿಸುವುದಕ್ಕಿಂತ ದೊಡ್ಡ ಸಂಪಾದನೆ ಆ ವಯಸ್ಸಿನ ಮಗುವಿಗೆ ಬೇರೆ ಇಲ್ಲ. ಆದಾಯ ಕಡಿಮೆಯಿರುವ ಕುಟುಂಬದ ಪ್ರತಿಭಾವಂತರಿಗೆ ಬೋಧನಾ ಶುಲ್ಕ ಬಿಟ್ಟುಕೊಡುವ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳೂ ಇವೆ. ಅರ್ಜಿಯ ವೇಳೆಗೆ ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು, ಅಷ್ಟೆ. ಗೊತ್ತಿಲ್ಲದೆ ಕಳಕೊಂಡವರು ಎಷ್ಟೋ.

ಕಾಲೇಜಿಗೇನೂ ಬರವಿಲ್ಲ. ಕೋಣನಕುಂಟೆಯಿಂದ ಕನಕಪುರ ದಿಕ್ಕಿಗೆ ರಘುವನಹಳ್ಳಿಯ ಕೆ.ಎಸ್. ಇನ್‌ಸ್ಟಿಟ್ಯೂಟ್, ಇತ್ತ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್, ಬನಶಂಕರಿಯ ಪಿಇಎಸ್, ಬಸವನಗುಡಿಯಲ್ಲಿ 1946ರಿಂದ ನಡೆದಿರುವ ಬಿಎಂಎಸ್, ಮೈಸೂರು ರಸ್ತೆಯಲ್ಲಿ 1963ರ ಆರ್.ವಿ., ಕೆ.ಆರ್. ಸರ್ಕಲ್ಲಿನಲ್ಲಿ ವಿಶ್ವೇಶ್ವರಯ್ಯನವರೇ 1917ರಲ್ಲಿ ಕಟ್ಟಿದ ಯುವಿಸಿಇ. ಬೋರ್ಡು ನೋಡಿ ಸೇರುವ ಬದಲು ವರ್ಕ್‌ಷಾಪ್ ನೋಡಿ ಸೇರಬೇಕು. ವಿದ್ಯಾರ್ಥಿಗಳು ತಾವೇ ಗಾಡಿ ಕಟ್ಟಿ ಬಾಹಾ, ಸುಪ್ರಾ ಸ್ಪರ್ಧೆಗೆ ಒಯ್ಯುತ್ತಾರೆಯೇ ಎಂದು ಕೇಳಬೇಕು. ಆರ್.ವಿ. ಕಾಲೇಜಿನ ಹುಡುಗರು 2003ರಲ್ಲೇ 'ಅಶ್ವ' ಎಂಬ ರೇಸಿಂಗ್ ತಂಡ ಕಟ್ಟಿದರು. ತಾವು ಕಟ್ಟಿದ ಗಾಡಿ ಓಡದೆ ನಿಂತಾಗ ಕಲಿಯುವುದು ಯಾವ ಪುಸ್ತಕದಲ್ಲೂ ಇಲ್ಲ.

ಎರಡನೆಯ ಬಾಗಿಲು ಹಿತ್ತಲ ಬಾಗಿಲಲ್ಲ

ಎಸ್ಸೆಸ್ಸೆಲ್ಸಿ ಆದೊಡನೆ ಪಿಯುಸಿಯೇ ಗತಿ ಎಂಬುದು ಇನ್ನೊಂದು ಭ್ರಮೆ. "ಡಿಪ್ಲೊಮಾನಾ? ಓದೋಕಾಗದವರು ಹೋಗೋದಲ್ವಾ ಅದು?" ಎನ್ನುವವರು ಕೊಂಚ ಬೆರಳು ಮಡಿಸಿ ಎಣಿಸಬೇಕು. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ, ಇನ್ನು ಮೂರು ವರ್ಷ. ಅದೂ ಆರೇ. ಪದವಿ ಒಂದೇ, ಕಾಲ ಒಂದೇ.

ವ್ಯತ್ಯಾಸ ನಡುದಾರಿಯಲ್ಲಿದೆ. ಮನೆಯಲ್ಲಿ ಕಷ್ಟ ಬಂದು ಓದು ನಿಂತರೆ ಪಿಯುಸಿ ಹುಡುಗನ ಕೈಯಲ್ಲಿ ಕೆಲಸದ ವಿದ್ಯೆ ಏನೂ ಇರುವುದಿಲ್ಲ. ಡಿಪ್ಲೊಮಾ ಹುಡುಗ ಕಾರ್ಖಾನೆ ಬಾಗಿಲು ತಟ್ಟಬಹುದು. ದಿನದ ವ್ಯಾಪಾರ ನಂಬಿದ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ತೊಂದರೆ ಇಲ್ಲದಿಲ್ಲ. ಐಐಟಿ ಕಡೆ ಕಣ್ಣಿಟ್ಟವನಿಗೆ ಪಿಯುಸಿಯೇ ದಾರಿ. ಡಿಪ್ಲೊಮಾದಿಂದ ಬಿ.ಇ.ಗೆ ಬಂದವರನ್ನು ಕಾಡುವುದೂ ಮತ್ತದೇ ಗಣಿತ. ಎಲ್ಲಿ ಸುತ್ತಿದರೂ ಮಾತು ಎಂಟನೇ ತರಗತಿಗೇ ಬಂದು ನಿಲ್ಲುತ್ತದೆ.

ಐಟಿಐ ಇನ್ನೊಂದು ಮೆಟ್ಟಿಲು. ಮೋಟಾರು ಮೆಕ್ಯಾನಿಕ್ ಟ್ರೇಡು ಎರಡು ವರ್ಷದ್ದು. ಅಲ್ಲಿಂದ ಡಿಪ್ಲೊಮಾ ಎರಡನೇ ವರ್ಷಕ್ಕೆ, ಡಿಪ್ಲೊಮಾದಿಂದ ಬಿ.ಇ.ಗೆ ಹತ್ತಬಹುದು. ರಾಜ್ಯದ 150 ಸರಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟನೆ ಮಾಡಲಾಯಿತು. ಹಳೆಯ ಲೇತು, ತುಕ್ಕು ಹಿಡಿದ ಇಂಜಿನ್ನು ಎಂದು ಮೂಗು ಮುರಿಯುವ ಮುಂಚೆ ಒಮ್ಮೆ ಒಳಹೊಕ್ಕು ನೋಡುವುದು ಒಳ್ಳೆಯದು. ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ, ಎಸ್ಸೆಸ್ಸೆಲ್ಸಿ ಆದವರಿಗೆ ಅಚ್ಚು, ಡೈ ಮಾಡುವ ವಿದ್ಯೆ ಕಲಿಸುತ್ತದೆ. ಕಾರಿನ ಬಾಗಿಲಿನಿಂದ ಡ್ಯಾಷ್‌ಬೋರ್ಡಿನವರೆಗೆ ಅಚ್ಚಿಲ್ಲದೆ ಏನೂ ಆಗದು.

ಇವೆಲ್ಲಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಬಿಡದಿಯಲ್ಲಿದೆ. ಟೊಯೊಟ ಕಂಪನಿ ಕಾರ್ಖಾನೆಯ ಆವರಣದಲ್ಲೇ 2007ರಲ್ಲಿ ತಾಂತ್ರಿಕ ತರಬೇತಿ ಶಾಲೆ ತೆರೆಯಿತು. ರಾಜ್ಯದ ಹಳ್ಳಿಗಾಡಿನ ಬಡ ಮನೆಯ, ಹತ್ತನೇ ತರಗತಿ ಪಾಸಾದ ಮಕ್ಕಳನ್ನು ಆರಿಸಿ ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುವ ಏರ್ಪಾಡು. ಜೋಡಣೆ, ವೆಲ್ಡಿಂಗು, ಪೇಂಟು, ಮೆಕಾಟ್ರಾನಿಕ್ಸ್ ಎಂದು ನಾಲ್ಕು ವಿಭಾಗ. ಮೊದಲು ಹುಡುಗರಿಗಷ್ಟೇ ಇತ್ತು, ಈಚೆಗೆ ಹುಡುಗಿಯರಿಗೂ ಬಾಗಿಲು ತೆರೆದಿದೆ. ಓದಿನಷ್ಟೇ ಶಿಸ್ತಿಗೆ, ದೇಹಶ್ರಮಕ್ಕೆ ಅಲ್ಲಿ ಒತ್ತು. ಕಾರು ಕಟ್ಟುವ ಕಂಪನಿಯೇ ಹದಿನಾರರ ಮಕ್ಕಳಿಂದ ಶುರು ಮಾಡುತ್ತದೆ, ಇಪ್ಪತ್ತೆರಡು ಆಗಲಿ ಎಂದು ಕಾಯುವುದಿಲ್ಲ. ಈ ಮಾತನ್ನು ಅಪ್ಪ-ಅಮ್ಮ ಮನಸ್ಸಿಗೆ ತಂದುಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಯಾಕೆ ಬೇಡ?

"ಹೆಣ್ಣುಮಗು, ಗ್ರೀಸು-ಗೀಸು ಎಲ್ಲ ಯಾಕೆ" ಎಂಬ ಮಾತು ಇನ್ನೂ ಕೇಳಿಬರುತ್ತದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳು ನೋಟೀಸು ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದಳು. ಹೆಂಗಸರು ಅರ್ಜಿ ಹಾಕುವ ಹಾಗಿಲ್ಲ ಎಂದು ಅದರಲ್ಲಿತ್ತು. ಇದೇನು ನ್ಯಾಯ ಎಂದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಕಾರ್ಡು ಗೀಚಿ ಹಾಕಿದಳು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಆಕೆಯೇ ಸುಧಾ ಮೂರ್ತಿ. ಅದಾಗಿ ಐವತ್ತು ವರ್ಷ ದಾಟಿತು. ಕಂಪನಿಗಳ ಬಾಗಿಲು ತೆರೆದಿದೆ. ತೆರೆಯಬೇಕಾದದ್ದು ಮನೆಯ ಬಾಗಿಲು. ಮಿಕ್ಸಿ ಬಿಚ್ಚುವಾಗ ಅಣ್ಣನ ಪಕ್ಕ ತಂಗಿಯನ್ನೂ ಕೂರಿಸಿದರೆ ಅರ್ಧ ಕೆಲಸ ಆದ ಹಾಗೆ.

ಶಾಲೆ ಏನು ಮಾಡಬೇಕು, ಊರು ಏನು ಮಾಡಬೇಕು

ಸರಕಾರದ ಬಳಿ ಏರ್ಪಾಡು ಇಲ್ಲದಿಲ್ಲ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಪೂರ್ತಿ ಓದಿದವರು ಕಡಿಮೆ. ತೃತೀಯ ಭಾಷೆಯ ದಿನವೇ ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿ ವಿಷಯಗಳ ಪರೀಕ್ಷೆಯೂ ಇರುತ್ತಿತ್ತು, ಅದರಲ್ಲಿ ಆಟೊಮೊಬೈಲೂ ಒಂದು. ಹಳೆಯ ಜೂನಿಯರ್ ಟೆಕ್ನಿಕಲ್ ಸ್ಕೂಲುಗಳ ಮಕ್ಕಳು ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇಂಜನಿಯರಿಂಗ್ ಗ್ರಾಫಿಕ್ಸ್ ಎಂದು ಹತ್ತನೆಯಲ್ಲೇ ಬರೆಯುತ್ತಿದ್ದರು. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಂದು ಶಾಲೆಗಳಿಗೆ ಉಪಕರಣದ ನೆರವು ಬಂದಿದೆ. ಯೋಜನೆಯ ಹೆಸರುಗಳಿಗೆ ಕೊರತೆಯಿಲ್ಲ. ಇವು ಕೆಲವು ಶಾಲೆಗೆ ಸಿಕ್ಕಿ ಉಳಿದವಕ್ಕೆ ಸಿಕ್ಕದಿರುವುದೇ ಕೊರಗು. ತಮ್ಮ ಮಕ್ಕಳ ಶಾಲೆಯಲ್ಲಿ ಇವುಗಳಲ್ಲಿ ಯಾವುದಿದೆ, ಯಾಕಿಲ್ಲ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಊರೂ ಸುಮ್ಮನಿರಬಾರದು. ಕನಕಪುರ ರಸ್ತೆಯುದ್ದಕ್ಕೂ ಗ್ಯಾರೇಜು, ಟೈರ್ ಅಂಗಡಿ, ಬ್ಯಾಟರಿ ಅಂಗಡಿಗಳಿವೆ. ರಜಾದಿನ ಒಂದೆರಡು ತಾಸು ನಾಲ್ಕು ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು "ನೋಡ್ರಪ್ಪ, ಇದು ಕ್ಲಚ್ ಪ್ಲೇಟು, ಇದು ಯಾಕೆ ಸವೀತದೆ ಗೊತ್ತಾ" ಎಂದು ತೋರಿಸಿದರೆ ಮಾಲೀಕರ ಗಂಟೇನೂ ಹೋಗುವುದಿಲ್ಲ. ತೋರಿಸುವುದು ಬೇರೆ, ಕೆಲಸಕ್ಕೆ ಹಚ್ಚುವುದು ಬೇರೆ. ಹದಿನಾಲ್ಕರೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸುವುದು ಅಪರಾಧ. ಆ ಗೆರೆ ದಾಟಬಾರದು. ಜೆ.ಸಿ. ರಸ್ತೆಗೆ ಸ್ಪೇರ್ ಪಾರ್ಟು ತರಲು ಹೋಗುವವರು ಹಳೆಯ ಗೇರು, ಬೇರಿಂಗು ಒಂದೆರಡನ್ನು ಶಾಲೆಯ ಪ್ರಯೋಗಶಾಲೆಗೆ ಕೊಟ್ಟರೆ ಅದೂ ಒಂದು ದಾನವೇ.

ಇನ್ನೊಂದು ಎಚ್ಚರಿಕೆ. ವಾಹನದ ಮೇಲಿನ ಪ್ರೀತಿ ಎಂದು ಹೈಸ್ಕೂಲು ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ಅಪ್ಪಂದಿರಿದ್ದಾರೆ. 2019ರ ತಿದ್ದುಪಡಿ ಕಾನೂನಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿಯೂ ರದ್ದು. ಗಾಡಿ ಓಡಿಸಿದ ಮಾತ್ರಕ್ಕೆ ಯಾರೂ ಇಂಜನಿಯರ್ ಆದದ್ದಿಲ್ಲ. ಗಾಡಿ ಯಾಕೆ ಓಡುತ್ತದೆ ಎಂದು ಕೇಳಿದವರು ಆಗಿದ್ದಾರೆ.

ವಿಶ್ವೇಶ್ವರಯ್ಯನವರ ಕಾಲದಲ್ಲಿ ಈ ಊರಿನವರಿಗೆ ಮನಸ್ಸಿತ್ತು, ಕಾರ್ಖಾನೆ ಇರಲಿಲ್ಲ. ಈಗ ನಾಲ್ಕು ದಿಕ್ಕಿಗೂ ಕಾರ್ಖಾನೆ, ಬಾಗಿಲವರೆಗೆ ಮೆಟ್ರೋ. ಎಂಟನೇ ತರಗತಿ ಗಣಿತದ ಪುಸ್ತಕ ಮಾತ್ರ ಧೂಳು ಹಿಡಿದು ಅಟ್ಟದ ಮೇಲಿದೆ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಅದನ್ನು ಕೆಳಗಿಳಿಸಿದ ಮನೆಯವರಿಗೆ, ನಾಲ್ಕೈದು ವರ್ಷದ ಮೇಲೆ ಕಾಲೇಜಿನ ಕೌಂಟರಿನ ಮುಂದೆ ಸಾಲದ ಚೀಟಿ ಹಿಡಿದು ನಿಲ್ಲುವ ಪ್ರಮೇಯ ಕಡಿಮೆ.